ಗೋಡೆ ಕೊಟ್ಟರೆ ಸಾಲದು: ನಾಡಿನ ಕಲಾವಿದರ ಏಕವ್ಯಕ್ತಿ ಪ್ರದರ್ಶನವನ್ನು ಮ್ಯೂಸಿಯಂ ಕಟ್ಟುವ ಬಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮ್ಯೂಸಿಯಂಗಳಲ್ಲಿ ಕೆಲಸ ಮಾಡುವವರಿದ್ದೀರಿ, ಚಿತ್ರಕಲಾ ಶಾಲೆಗಳ ಮೇಷ್ಟ್ರುಗಳಿದ್ದೀರಿ, ಮೊದಲ ಪ್ರದರ್ಶನದ ಕನಸಿನಲ್ಲಿರುವ ಹುಡುಗ ಹುಡುಗಿಯರೂ ಇದ್ದೀರಿ. ಎಲ್ಲರ ಮುಂದೆಯೂ ಒಂದೇ ಪ್ರಶ್ನೆ ಇಡುತ್ತೇನೆ. ಬಾಡಿಗೆ ಗ್ಯಾಲರಿಯಲ್ಲಿ ನಡೆಯುವ ಏಕವ್ಯಕ್ತಿ ಪ್ರದರ್ಶನಕ್ಕೂ ಮ್ಯೂಸಿಯಂ ತಾನೇ ನಡೆಸುವ ಏಕವ್ಯಕ್ತಿ ಪ್ರದರ್ಶನಕ್ಕೂ ಏನು ವ್ಯತ್ಯಾಸ?

ಬಾಡಿಗೆ ಗ್ಯಾಲರಿಯಲ್ಲಿ ಫ್ರೇಮು ಹಾಕಿಸುವವರು, ಟೆಂಪೊ ಹಿಡಿಯುವವರು, ಮೊಳೆ ಹೊಡೆಯುವವರು, ಕಾರ್ಡು ಹಂಚುವವರು ಎಲ್ಲ ಕಲಾವಿದರೇ. ಏಳು ದಿನ ಪ್ರದರ್ಶನ, ಎಂಟನೆಯ ದಿನ ಗೋಡೆ ಖಾಲಿ. ಉಳಿಯುವುದು ಒಂದು ಆಮಂತ್ರಣ ಪತ್ರಿಕೆ, ಅತಿಥಿಗಳ ಜೊತೆ ತೆಗೆಸಿಕೊಂಡ ಒಂದಷ್ಟು ಫೋಟೊ. ಮ್ಯೂಸಿಯಂ ಮಾಡಿದಾಗ ಉಳಿಯಬೇಕಾದದ್ದು ಬೇರೆ: ಆ ಕಲಾವಿದರ ಕೃತಿಗಳ ಪಟ್ಟಿ, ಪ್ರತಿ ಕೃತಿಯ ಸ್ಥಿತಿಯ ವರದಿ, ಒಂದು ಪುಸ್ತಿಕೆ, ಕಲಾವಿದರ ಮಾತಿನ ಧ್ವನಿಮುದ್ರಣ. ಕೆಲಸದ ನಿಜವಾದ ಫಲ ಇದೇ. ಗೋಡೆಯ ಮೇಲಿನ ಮೂರು ತಿಂಗಳು ಅದಕ್ಕೊಂದು ನೆಪ ಎಂದರೂ ನಾನು ಒಪ್ಪುತ್ತೇನೆ.

ಈ ಯೋಚನೆ ಹೊಸದೇನಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಊರಿನ ವಾಡ್ಸ್‌ವರ್ತ್ ಅಥೀನಿಯಂ ಮ್ಯೂಸಿಯಂ 1975ರಲ್ಲಿ 'ಮ್ಯಾಟ್ರಿಕ್ಸ್' ಎಂಬ ಪ್ರದರ್ಶನ ಸರಣಿ ಶುರು ಮಾಡಿತು. 1978ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದ ಮ್ಯೂಸಿಯಂ ಅದೇ ಹೆಸರಿನಲ್ಲಿ ಇನ್ನೊಂದನ್ನು ಆರಂಭಿಸಿತು. ಅವು ಊರಿನ ಕಲಾವಿದರಿಗೆಂದೇ ಮಾಡಿದ ಸರಣಿಗಳಲ್ಲ, ಆದರೆ ಅವುಗಳ ಹದ ನಮಗೆ ಹೊಂದುತ್ತದೆ. ಪ್ರದರ್ಶನ ಚಿಕ್ಕದು, ಪ್ರತಿ ಪ್ರದರ್ಶನಕ್ಕೂ ಒಂದು ಕ್ರಮಸಂಖ್ಯೆ, ಪ್ರತಿಯೊಂದಕ್ಕೂ ಕೈಗೆ ಸಿಗುವ ಒಂದು ತೆಳ್ಳನೆಯ ಪತ್ರ. ಸಂಖ್ಯೆ ಕೊಟ್ಟ ಕೂಡಲೇ ಒಂದು ಶಿಸ್ತು ಬರುತ್ತದೆ. ಹದಿನಾಲ್ಕು ಆಯಿತು, ಹದಿನೈದು ಎಲ್ಲಿ ಎಂದು ಜನ ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂ ತನ್ನ ಸುತ್ತಲಿನ ಪ್ರದೇಶದ ಕಲಾವಿದರಿಗಾಗಿಯೇ 1967ರಿಂದ ಸೆಕಾ (ಸಮಕಾಲೀನ ಕಲೆಯನ್ನು ಪ್ರೋತ್ಸಾಹಿಸುವ ಸಂಘದ) ಪ್ರಶಸ್ತಿ ಕೊಡುತ್ತಿದೆ. ಅಲ್ಲಿ ಬಹುಮಾನಕ್ಕಿಂತ, ಜೊತೆಗೆ ಬರುವ ಪ್ರದರ್ಶನ ದೊಡ್ಡದು.

ನಮ್ಮಲ್ಲಿ ಒಬ್ಬ ಕಲಾವಿದನಿಗೇ ಮೀಸಲಾದ ಗೋಡೆ ಎಂದರೆ ಮೊದಲು ನೆನಪಾಗುವುದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ. ಮೈಸೂರಿನ ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಊಟಿ, ಕೊಡೈಕನಾಲಿನ ಜಲವರ್ಣಗಳು ಮತ್ತು ಪ್ಲಾಸ್ಟರ್ ಉಬ್ಬುಶಿಲ್ಪಗಳು ಅವರ ಹೆಸರನ್ನು ಉಳಿಸಿವೆ. ಅದೇ ಕಟ್ಟಡದಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ (1911–1996) ಕೃತಿಗಳಿಗೂ ಜಾಗ ಸಿಕ್ಕಿತು. ಇವೆರಡೂ ಶಾಶ್ವತ ಸಂಗ್ರಹಗಳು. ಇವುಗಳ ಪಕ್ಕದಲ್ಲೇ ಕಡಿಮೆ ಬಾಡಿಗೆಗೆ ಸಿಗುವ ಹಾಲ್‌ಗಳಿದ್ದವು. ಹೊರ ಜಿಲ್ಲೆಯ ಹುಡುಗನೊಬ್ಬ ರಾಜಧಾನಿಯಲ್ಲಿ ಚಿತ್ರ ತೂಗುಹಾಕಲು ಕೈಗೆಟುಕುವ ಜಾಗ ಅದು. 2016ರಲ್ಲಿ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಒಪ್ಪಿಸುವ ಪ್ರಸ್ತಾಪ ಬಂದಾಗ ಕಲಾವಿದರು ಬೀದಿಗಿಳಿದದ್ದಕ್ಕೆ ಇದೂ ಒಂದು ಕಾರಣ. ಗೋಡೆ ಬೇಕು ಎಂಬ ಆ ಹಕ್ಕೊತ್ತಾಯ ನ್ಯಾಯವಾದದ್ದೇ. ಗೋಡೆ ಸಿಕ್ಕ ಮೇಲೆ ಹೊಣೆ ಯಾರದು ಎನ್ನುವುದು ಇವತ್ತಿನ ನನ್ನ ವಿಷಯ.

ಕೆಲಸ ಶುರುವಾಗುವುದು ಗ್ಯಾಲರಿಯಲ್ಲಲ್ಲ, ಕಲಾವಿದರ ಮನೆಯಲ್ಲಿ, ಉದ್ಘಾಟನೆಗೆ ಕನಿಷ್ಠ ಹತ್ತು ಹನ್ನೆರಡು ತಿಂಗಳು ಮುಂಚೆ. ಮೂವತ್ತು ನಲವತ್ತು ವರ್ಷ ದುಡಿದ ಕಲಾವಿದರ ಮನೆಯಲ್ಲಿ ಚಿತ್ರಗಳು ಎಲ್ಲೆಲ್ಲಿರುತ್ತವೆ? ಮಂಚದ ಕೆಳಗೆ, ಅಟ್ಟದ ಮೇಲೆ, ಬೀರುವಿನ ಹಿಂದೆ, ಒಂದಿಷ್ಟು ನೆಂಟರ ಮನೆಗಳಲ್ಲಿ. ಹೋದ ಕೂಡಲೇ ಚೆನ್ನಾಗಿರುವುದನ್ನು ಆರಿಸಲು ಕೂರಬೇಡಿ. ಮೊದಲು ಎಲ್ಲವನ್ನೂ ಪಟ್ಟಿ ಮಾಡಿ. ಸಂಖ್ಯೆ, ಹೆಸರು, ವರ್ಷ, ಮಾಧ್ಯಮ, ಫ್ರೇಮು ಬಿಟ್ಟು ಎತ್ತರ ಮತ್ತು ಅಗಲ (ಎತ್ತರವೇ ಮೊದಲು, ಇಲ್ಲದಿದ್ದರೆ ಅಡ್ಡ ಚಿತ್ರ ಉದ್ದ ಚಿತ್ರವಾಗಿಬಿಡುತ್ತದೆ), ಸಹಿ ಎಲ್ಲಿದೆ, ಹಿಂಬದಿಯಲ್ಲಿ ಏನು ಬರೆದಿದೆ, ಈಗ ಯಾರ ಬಳಿ ಇದೆ. ಹಿಂಬದಿಯ ಫೋಟೊ ಮರೆಯಬೇಡಿ. ಹಳೆಯ ಪ್ರದರ್ಶನದ ಚೀಟಿ, ಬೆಲೆ, ಮಾರಿದ ಊರು, ಗೆದ್ದಲಿನ ಮಣ್ಣಿನ ಗೆರೆ, ಎಲ್ಲ ಅಲ್ಲೇ ಇರುತ್ತದೆ.

'ಮಿಶ್ರ ಮಾಧ್ಯಮ' ಎಂದು ಬರೆಯುವ ಚಾಳಿ ಇದೆಯಲ್ಲ, ಅದನ್ನು ಬಿಡಿ. ಕಲಾವಿದರು ಎದುರಿಗೇ ಇದ್ದಾರೆ, ಕೇಳಿ. ಪೋಸ್ಟರ್ ಬಣ್ಣದ ಮೇಲೆ ಇದ್ದಿಲು, ಅದರ ಮೇಲೆ ಫೆವಿಕಾಲ್ ಬಳಿದಿದ್ದರೆ ಹಾಗೆಯೇ ಬರೆದುಕೊಳ್ಳಿ. ಇಪ್ಪತ್ತು ವರ್ಷದ ನಂತರ ಅದನ್ನು ರಿಪೇರಿ ಮಾಡುವವರಿಗೆ ಆ ಒಂದು ಸಾಲೇ ಔಷಧಿ ಚೀಟಿ. ಹೆಸರಿಡದ ಚಿತ್ರಕ್ಕೆ ನೀವೇ ಹೆಸರು ಕಟ್ಟಬೇಡಿ. 'ಶೀರ್ಷಿಕೆಯಿಲ್ಲ' ಎಂದರೆ ಯಾರಿಗೂ ಅವಮಾನವಿಲ್ಲ.

ಸುರುಳಿ ಸುತ್ತಿಟ್ಟ ಕ್ಯಾನ್ವಾಸುಗಳು ಪ್ರತಿ ಮನೆಯಲ್ಲೂ ಸಿಗುತ್ತವೆ. ಹೆಚ್ಚಿನವರು ಬಣ್ಣ ಹಾಳಾಗಬಾರದೆಂದು ಬಣ್ಣದ ಮೈಯನ್ನು ಒಳಗೆ ಮಾಡಿ, ಕೊಳವೆಯೂ ಇಲ್ಲದೆ ಬಿಗಿಯಾಗಿ ಸುತ್ತಿರುತ್ತಾರೆ. ಮಾಡಬೇಕಾದದ್ದು ಇದಕ್ಕೆ ತಿರುಗಾಮುರುಗಾ. ಒಳಗೆ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಮಡಿಕೆಯಾಗುತ್ತದೆ, ಬಿಚ್ಚಿದಾಗ ಆ ಮಡಿಕೆಯಲ್ಲೇ ಏಳುತ್ತದೆ. ಬಣ್ಣ ಹೊರಗೆ ಬರುವಂತೆ, ಕನಿಷ್ಠ 20 ಸೆಂಟಿಮೀಟರ್ ವ್ಯಾಸದ ಕೊಳವೆಗೆ, ನಡುವೆ ನುಣುಪು ಕಾಗದ ಇಟ್ಟು ಸಡಿಲವಾಗಿ ಸುತ್ತಬೇಕು. ಹಳೆಯ ಸುರುಳಿಯನ್ನು ಅಲ್ಲೇ ಚಾಪೆ ಹಾಸಿ ಬಿಚ್ಚಲು ಹೋಗಬೇಡಿ. ಚಳಿಗಾಲದ ಬೆಳಗ್ಗೆಯಂತೂ ಬೇಡವೇ ಬೇಡ, ತಂಪಿನಲ್ಲಿ ಅಕ್ರಿಲಿಕ್ ಪೆಡಸಾಗಿ ಬಿರುಕು ಬಿಡುತ್ತದೆ. ಬೆಚ್ಚಗಿನ ಕೋಣೆಯಲ್ಲಿ, ಇಬ್ಬರು ಹಿಡಿದು, ಒಂದೊಂದು ಗೇಣು ಬಿಚ್ಚಿ ನಿಲ್ಲಿಸುತ್ತಾ ಹೋಗಬೇಕು.

ಎಷ್ಟು ಚಿತ್ರ ಇಡಬೇಕು? ಇಲ್ಲಿ ಜಗಳ ಖಚಿತ. ಲೆಕ್ಕ ಹಾಕಿ ತೋರಿಸಿದರೆ ಜಗಳ ಅರ್ಧ ಇಳಿಯುತ್ತದೆ. ಹಾಲ್ 12 ಮೀಟರ್ ಉದ್ದ, 8 ಮೀಟರ್ ಅಗಲ ಇದೆಯೆನ್ನಿ. ಸುತ್ತಳತೆ 40 ಮೀಟರ್. ಬಾಗಿಲು ಕಿಟಕಿಗೆ 6, ಪರಿಚಯ ಫಲಕಕ್ಕೆ 2, ಸ್ವಿಚ್ ಬೋರ್ಡು ಮತ್ತು ತೇವದ ಮೂಲೆಗೆ 2 ಕಳೆಯಿರಿ. ಉಳಿದದ್ದು 30 ಮೀಟರ್. ಚಿತ್ರದ ಸರಾಸರಿ ಅಗಲ 90 ಸೆಂಟಿಮೀಟರ್, ನಡುವಿನ ಬಿಡುವು 60. ಅಂದರೆ ಒಂದು ಚಿತ್ರಕ್ಕೆ ಒಂದೂವರೆ ಮೀಟರ್, ಒಟ್ಟು ಇಪ್ಪತ್ತು. ದೊಡ್ಡ ಚಿತ್ರಗಳಿಗೆ ಇನ್ನಷ್ಟು ಉಸಿರಾಡಲು ಬಿಟ್ಟರೆ ಹದಿನಾರು, ಹದಿನೇಳು. ಕಲಾವಿದರು ಅರವತ್ತು ಇಡೋಣ ಎನ್ನುತ್ತಾರೆ, ಅವರ ತಪ್ಪಲ್ಲ. ಜೀವಮಾನದಲ್ಲಿ ಒಮ್ಮೆ ಸಿಗುವ ಗೋಡೆ ಎಂದುಕೊಂಡಿರುತ್ತಾರೆ. ಉಳಿದ ಕೃತಿಗಳೂ ಪಟ್ಟಿಯಲ್ಲಿವೆ, ಪುಸ್ತಿಕೆಯ ಕೊನೆಗೆ ಬೆರಳುಗುರಿನಷ್ಟು ಚಿತ್ರಗಳಾಗಿ ಬರುತ್ತವೆ ಎಂದು ತೋರಿಸಿ. ಒಪ್ಪುತ್ತಾರೆ.

ಕಾಗದದ ಮೇಲಿನ ಕೃತಿಗಳ ಫ್ರೇಮಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹಾನಿ ಹೆಚ್ಚಾಗುವುದು ಅಲ್ಲೇ. ಬೀದಿಯ ಫ್ರೇಮಿನ ಅಂಗಡಿಯವರು ಸಾಮಾನ್ಯವಾಗಿ ಜಲವರ್ಣವನ್ನು ಹಿಂದಿನ ರಟ್ಟಿಗೆ ಫೆವಿಕಾಲ್‌ನಿಂದಲೋ ಟೇಪಿನಿಂದಲೋ ಅಂಟಿಸಿ, ಗಾಜನ್ನು ಚಿತ್ರಕ್ಕೇ ತಾಗಿಸಿ ಮೊಳೆ ಹೊಡೆಯುತ್ತಾರೆ. ಮೂರು ತಪ್ಪು ಒಟ್ಟಿಗೆ. ಅಗ್ಗದ ರಟ್ಟಿನ ಆಮ್ಲ ಕಾಗದಕ್ಕಿಳಿದು ಕಂದು ಮಾಡುತ್ತದೆ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಎಣ್ಣೆಯ ಕಲೆಯಂತೆ ಮುಂದಕ್ಕೆ ಹಾಯುತ್ತದೆ. ಗಾಜಿಗೆ ತಾಗಿದ ಕಾಗದ ಮಳೆಗಾಲದಲ್ಲಿ ಗಾಜಿನ ಒಳಮೈಯ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ಬಣ್ಣವೇ ಗಾಜಿಗೆ ಅಂಟಿಕೊಳ್ಳುತ್ತದೆ. ಸರಿಯಾದ ಕ್ರಮ ಹೀಗೆ: ಆಮ್ಲರಹಿತ ಮೌಂಟ್ ಬೋರ್ಡು (ಚಿತ್ರ ಕೂರಿಸುವ ದಪ್ಪ ರಟ್ಟು), ಚಿತ್ರದ ಮೇಲಂಚಿಗೆ ಮಾತ್ರ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಗಂಜಿಯಲ್ಲಿ ಅಂಟಿಸಿದ್ದು, ಚಿತ್ರಕ್ಕೂ ಗಾಜಿಗೂ ನಡುವೆ ಮೂರ್ನಾಲ್ಕು ಮಿಲಿಮೀಟರ್ ಬಿಡುವು. ಗಂಜಿ ಎಂದರೆ ಮೈದಾ ಅಂಟಲ್ಲ. ಗ್ಲುಟೆನ್ (ಹಿಟ್ಟಿನ ಜಿಗುಟು ಅಂಶ) ತೆಗೆದ ಬರೀ ಪಿಷ್ಟ. ಮೈದಾ ಅಂಟು ಹುಳಗಳಿಗೆ ಹಬ್ಬದೂಟ. ಉಳಿದ ಮೂರು ಅಂಚುಗಳನ್ನು ಅಂಟಿಸದೆ ಬಿಟ್ಟಿರಬೇಕು. ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ. ನಾಲ್ಕೂ ಕಡೆ ಹಿಡಿದರೆ ಅಲೆ ಅಲೆಯಾಗುತ್ತದೆ.

ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಗುರ, ಒಡೆಯುವುದಿಲ್ಲ. ಆದರೆ ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳ ಮೇಲೆ ಹಾಕಲೇಬೇಡಿ. ಬಟ್ಟೆಯಲ್ಲಿ ಒರೆಸಿದಾಗ ಹಾಳೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನೆಲ್ಲ ಮೇಲಕ್ಕೆಳೆಯುತ್ತದೆ.

ಸಾಗಣೆಗೆ ಮುಂಚೆ ಸ್ಥಿತಿ ವರದಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚಿತ್ರದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎದುರಿನಿಂದ ಕಾಣದ ಬಿರುಕು, ಎದ್ದ ಬಣ್ಣ, ಕ್ಯಾನ್ವಾಸಿನ ಗುಳಿ ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಫೋಟೊದ ಮೇಲೆ ಗುರುತು ಹಾಕಿ, ದಿನಾಂಕ ಬರೆದು, ನೀವೂ ಕಲಾವಿದರೂ ಇಬ್ಬರೂ ಸಹಿ ಮಾಡಿ. ಇದೇ ಕೆಲಸ ಮ್ಯೂಸಿಯಂ ತಲುಪಿದಾಗ ಒಮ್ಮೆ, ವಾಪಸು ಹೊರಡುವಾಗ ಒಮ್ಮೆ, ಮನೆಯಲ್ಲಿ ಇಳಿಸುವಾಗ ಒಮ್ಮೆ. ವಿಮೆ ಗೋಡೆಯಿಂದ ಗೋಡೆಗೆ ಇರಬೇಕು, ಎಂದರೆ ಅವರ ಮನೆಯ ಮೊಳೆಯಿಂದ ಇಳಿಸಿದಲ್ಲಿಂದ ಅದೇ ಮೊಳೆಗೆ ತೂಗುಹಾಕುವ ತನಕ. ಮೊದಲೇ ಇದ್ದ ಹಾನಿಗೆ ವಿಮೆಯವರು ಕೊಡುವುದಿಲ್ಲ. ವರದಿ ಇಲ್ಲದಿದ್ದರೆ ಯಾವುದು ಮೊದಲೇ ಇದ್ದದ್ದು ಎಂದು ಯಾರೂ ಹೇಳಲಾರರು.

ಬಬಲ್ ವ್ರ್ಯಾಪ್ ನೇರವಾಗಿ ಬಣ್ಣಕ್ಕೆ ತಾಗಬಾರದು. ಬಿಸಿಲಲ್ಲಿ ನಿಂತ ಟೆಂಪೊದೊಳಗೆ ಅಕ್ರಿಲಿಕ್ ಮೆತ್ತಗಾಗಿ, ಗುಳ್ಳೆಗಳ ದುಂಡನೆಯ ಅಚ್ಚು ಚಿತ್ರದ ಇಡೀ ಆಕಾಶದ ತುಂಬ ಮೂಡಿರುತ್ತದೆ. ಆ ಗುರುತು ಹೋಗುವುದಿಲ್ಲ. ನಾಲ್ಕು ಮೂಲೆಗೆ ದಪ್ಪ ರಟ್ಟಿನ ಮೂಲೆಗಟ್ಟು ಹಾಕಿ, ಮುಂಬದಿಗೆ ತಾಗದಂತೆ ರಟ್ಟು ನಿಲ್ಲಿಸಿ, ಆಮೇಲೆ ಬಬಲ್, ಗುಳ್ಳೆ ಹೊರಗೆ. ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಜಾಲರಿಯಂತೆ ಅಂಟಿಸಿ, ಒಡೆದರೂ ಚೂರು ಬೀಳುವುದಿಲ್ಲ. ಅಕ್ರಿಲಿಕ್ ಹಾಳೆಗೆ ಟೇಪು ಬೇಡ. ಗಾಡಿಯಲ್ಲಿ ಚಿತ್ರಗಳನ್ನು ಮಲಗಿಸಬಾರದು. ನಿಲ್ಲಿಸಿ, ಗಾಡಿ ಸಾಗುವ ದಿಕ್ಕಿಗೆ ಉದ್ದುದ್ದ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು. ನಮ್ಮ ರಸ್ತೆಯ ಹಂಪುಗಳಿಗೆ ಮಲಗಿದ ಕ್ಯಾನ್ವಾಸು ತಮಟೆಯಂತೆ ಬಡಿದುಕೊಳ್ಳುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಚಿತ್ರಗಳನ್ನು ಬಂದ ದಿನವೇ ಬಿಚ್ಚಬೇಡಿ. ಒಂದು ದಿನ ಪೂರ್ತಿ ಕಟ್ಟಿನಲ್ಲೇ ಇದ್ದು ಹೊಸ ಹವೆಗೆ ಒಗ್ಗಿಕೊಳ್ಳಲಿ.

ಇನ್ನು ಬೆಳಕು. ಜಲವರ್ಣ, ಕಾಗದ, ಬಣ್ಣದ ಬಟ್ಟೆ ಇವಕ್ಕೆ 50 ಲಕ್ಸ್ (ಲಕ್ಸ್ ಎಂದರೆ ಚಿತ್ರದ ಮೇಲೆ ಬೀಳುವ ಬೆಳಕಿನ ಅಳತೆ). ತೈಲವರ್ಣ, ಅಕ್ರಿಲಿಕ್‌ಗೆ 150ರಿಂದ 200. ದಿನಕ್ಕೆ 8 ಗಂಟೆ, 90 ದಿನ ಎಂದರೆ ಜಲವರ್ಣದ ಮೇಲೆ ಬೀಳುವುದು 36,000 ಲಕ್ಸ್-ಗಂಟೆ. ಅದೇ ಚಿತ್ರವನ್ನು 1,000 ಲಕ್ಸ್ ಬರುವ ಕಿಟಕಿಯೆದುರು ತೂಗಿಸಿದರೆ 7,20,000. ಒಂದೇ ಪ್ರದರ್ಶನದಲ್ಲಿ ಇಪ್ಪತ್ತು ಪ್ರದರ್ಶನಗಳ ಆಯುಸ್ಸು ತಿಂದಂತೆ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ಮರಳಿ ಬರುವುದಿಲ್ಲ. ವೆಂಕಟಪ್ಪನವರ ಊಟಿಯ ಮಂಜಿನಂಥ ಬಣ್ಣವಿದ್ದರಂತೂ ಮಾಸಿದ್ದು ತಿಳಿಯುವುದೂ ಇಲ್ಲ, ಮಂಜು ಇನ್ನಷ್ಟು ದಟ್ಟವಾಯಿತೆಂದು ಮೆಚ್ಚುತ್ತೇವೆ. 50 ಲಕ್ಸ್ ಎಂದರೆ ಕತ್ತಲೆ ಎಂಬ ದೂರು ಬರುತ್ತದೆ. ಕತ್ತಲೆ ಅನ್ನಿಸುವುದು ಹೊರಗಿನ ಬಿಸಿಲಿನಿಂದ ನೇರ ಒಳಗೆ ಬಂದರೆ. ಒಳಬರುವ ಹಾದಿಯ ದೀಪ ತಗ್ಗಿಸಿ, ಪರಿಚಯ ಫಲಕವನ್ನು ಅಲ್ಲಿಡಿ. ಓದಿ ಮುಗಿಸುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ.

ಗಾಳಿಯ ತೇವದ ಬಗ್ಗೆ ಪುಸ್ತಕ 45ರಿಂದ 55 ಶೇಕಡ ಎನ್ನುತ್ತದೆ. ಮಂಗಳೂರಿನ ಜುಲೈಯಲ್ಲಿ ಅದನ್ನು ಹಿಡಿಯಲು ಹೊರಟರೆ ವಿದ್ಯುತ್ ಬಿಲ್ಲೇ ಮ್ಯೂಸಿಯಂ ಮುಚ್ಚಿಸುತ್ತದೆ. ಅಂಕಿಗಿಂತ ಸ್ಥಿರತೆ ಮುಖ್ಯ. ಹಗಲು ಏಸಿ, ಸಂಜೆ ಐದೂವರೆಗೆ ಬಂದ್ ಎಂಬ ಕಚೇರಿ ಪದ್ಧತಿ ಏಸಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದಿನಕ್ಕೊಮ್ಮೆ ಕ್ಯಾನ್ವಾಸು ಹಿಗ್ಗಿ ಕುಗ್ಗಿ ಬಣ್ಣ ಬಿರಿಯುತ್ತದೆ. ಹೊರಗೋಡೆಗೆ ಫ್ರೇಮು ಒತ್ತಿಕೊಳ್ಳದಂತೆ ಹಿಂದಿನ ಕೆಳಮೂಲೆಗಳಿಗೆ ಒಂದು ಸೆಂಟಿಮೀಟರ್ ದಪ್ಪದ ಬಿರಡೆ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲವೆನ್ನಬಹುದು. ಗೋಡೆಗೆ ಬಣ್ಣ ಹೊಡೆಸುವುದು ಉದ್ಘಾಟನೆಯ ಹಿಂದಿನ ರಾತ್ರಿ ಅಲ್ಲ. ಎಮಲ್ಷನ್ ಆದರೆ ಎರಡು ವಾರ ಮುಂಚೆ. ಹೊಸ ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ಮಾಡಿಸಿದ್ದರೆ ಇನ್ನೂ ಮುಂಚೆ. ಅವುಗಳಿಂದ ಏಳುವ ಆಮ್ಲದ ಆವಿ ಕಾಗದಕ್ಕೂ ಲೋಹಕ್ಕೂ ಆಗದು.

ತೂಗುಹಾಕುವ ಲೆಕ್ಕ ಸುಲಭ. ಎಲ್ಲ ಚಿತ್ರಗಳ ನಡುಮಧ್ಯ ನೆಲದಿಂದ 148 ಸೆಂಟಿಮೀಟರ್‌ಗೆ ಬರಲಿ. ಚಿತ್ರದ ಎತ್ತರ 90 ಇದ್ದರೆ ಅರ್ಧ 45. ಹಿಂದಿನ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿಗಿಂತ 8 ಕೆಳಗೆ ನಿಂತರೆ, 148 ಕೂಡಿಸು 45 ಕಳೆ 8, ಮೊಳೆ 185ಕ್ಕೆ. ತಂತಿಯನ್ನು ಎಳೆಯದೆ ಅಳೆದರೆ ಪ್ರತಿ ಚಿತ್ರವೂ ಒಂದೊಂದು ಎತ್ತರಕ್ಕೆ ನೇತಾಡುತ್ತದೆ. ಮೇಲಂಚುಗಳನ್ನು ಸಾಲುಗೂಡಿಸುವುದು ಮದುವೆ ಮನೆಯ ತೋರಣಕ್ಕೆ ಸರಿ, ಇಲ್ಲಿ ಬೇಡ. ಒಂದು ಚಿತ್ರಕ್ಕೆ ಎರಡು ಮೊಳೆ ಹೊಡೆದರೆ ಓರೆಯಾಗುವುದಿಲ್ಲ.

ಬರಹದ ಫಲಕ ಕನ್ನಡದಲ್ಲೇ ಮೊದಲು. ಪರಿಚಯ 150 ಪದ ಮೀರಬಾರದು, ಚಿತ್ರದ ಪಕ್ಕದ ಚೀಟಿ 50. ಇಂಗ್ಲಿಷಿಗೆ ಮಾಡಿದ ವಿನ್ಯಾಸದೊಳಗೆ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತವೆ. ಸಾಲಿನ ಅಂತರ ಅಕ್ಷರದ ಒಂದೂವರೆಯಷ್ಟಾದರೂ ಬೇಕು. ಹಳೆಯ ನುಡಿ ಫಾಂಟಿನ ಕಡತವನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಜಾರುತ್ತದೆ. ವಿನ್ಯಾಸದ ಕೆಲವು ಹಳೆಯ ತಂತ್ರಾಂಶಗಳಲ್ಲಿ ಒತ್ತು ಕಳಚಿ ಪಕ್ಕದಲ್ಲಿ ಬಂದು ಕೂರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಅಲ್ಲ, ಅಚ್ಚಿಗೆ ಹೋಗುವ ಪಿಡಿಎಫ್‌ನ ಕಾಗದದ ಪ್ರತಿಯಲ್ಲಿ ಕನ್ನಡ ಓದಬಲ್ಲವರೊಬ್ಬರು ಅಕ್ಷರ ಅಕ್ಷರ ನೋಡಲೇಬೇಕು. ಕಲಾವಿದರ ಹೆಸರೇ ತಪ್ಪಾದ ಫಲಕವನ್ನು ಮೂರು ತಿಂಗಳು ನೋಡುವುದಕ್ಕಿಂತ ಇದು ಸುಲಭ.

ಉದ್ಘಾಟನೆಯ ದೀಪ, ಹಾರ, ಕಾಫಿ ತಿಂಡಿ ಎಲ್ಲ ಹೊರಗಿನ ಜಗಲಿಯಲ್ಲಿ. ಎಣ್ಣೆ ದೀಪದ ಮಸಿ ಚಿತ್ರಕ್ಕೆ ಹತ್ತುತ್ತದೆ, ಹೂವಿನ ಜೊತೆ ಹುಳ ಒಳಬರುತ್ತದೆ, ಕೇಸರಿಬಾತಿನ ಬೆರಳು ಎಲ್ಲಿಗೂ ಹೋಗುತ್ತದೆ.

ಸಭೆಯಿಂದ ಮೂರು ಪ್ರಶ್ನೆಗಳು ಬಂದವು.

ಪುಸ್ತಿಕೆಯಲ್ಲಿ ಚಿತ್ರ ಅಚ್ಚು ಹಾಕಲು ಅದನ್ನು ಕೊಂಡವರ ಅನುಮತಿ ಸಾಕೇ? ಸಾಲದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಮಾರಿದರೆ ಕೃತಿಸ್ವಾಮ್ಯ ತಾನಾಗಿ ಮಾರಿಹೋಗುವುದಿಲ್ಲ. ಅದು ಕಲಾವಿದರಲ್ಲೇ, ಅವರ ನಂತರ ವಾರಸುದಾರರಲ್ಲಿ ಉಳಿಯುತ್ತದೆ, ಸಾವಿನ ಮುಂದಿನ ವರ್ಷದಿಂದ 60 ವರ್ಷ. 1996ರಲ್ಲಿ ತೀರಿಕೊಂಡ ಹೆಬ್ಬಾರರು ಬದುಕಿದ್ದಾಗ ಪ್ರಕಟವಾದ ಕೃತಿಗಳೆಂದರೆ 2056ರ ಕೊನೆಯವರೆಗೆ. ಹಣ ಕೊಟ್ಟು ಬರೆಸಿಕೊಂಡ ಚಿತ್ರ ಅಥವಾ ಭಾವಚಿತ್ರ ಮಾತ್ರ ಬೇರೆ. ಬೇರೆ ಕರಾರಿಲ್ಲದಿದ್ದರೆ ಅದರ ಹಕ್ಕು ಬರೆಸಿದವರದು. ಆದ್ದರಿಂದ ಚಿತ್ರವನ್ನು ಪ್ರದರ್ಶನಕ್ಕೆ ಎರವಲು ಪಡೆಯುವ ಪತ್ರ ಒಂದು, ಅಚ್ಚಿನ ಅನುಮತಿ ಪತ್ರ ಇನ್ನೊಂದು, ಎರಡೂ ಬೇಕು.

ದುಡ್ಡು ಕಡಿಮೆಯಿದ್ದರೆ ಯಾವುದನ್ನು ಬಿಡುವುದು? ಫ್ಲೆಕ್ಸ್ ಬಿಡಿ, ಶಾಲು ಹಾರ ಬಿಡಿ, ಚಿತ್ರಗಳನ್ನು ಹದಿನಾರರಿಂದ ಹತ್ತಕ್ಕಿಳಿಸಿ. ಮೌಂಟ್ ಬೋರ್ಡು, ವಿಮೆ, ಪುಸ್ತಿಕೆ ಬಿಡಬೇಡಿ. ಕಲಾವಿದರ ಸಂಭಾವನೆಯನ್ನೂ ಬಿಡಬೇಡಿ. ಬೀಗ ತೆಗೆಯುವವರಿಂದ ಬಲ್ಬು ಹಾಕುವವರ ತನಕ ಎಲ್ಲರಿಗೂ ಕೂಲಿಯಿದ್ದು ಚಿತ್ರ ಬರೆದವರಿಗೆ ಮಾತ್ರ 'ಅವಕಾಶ' ಕೊಡುವುದು ಅಸಹ್ಯ.

ಹಸೆ ಚಿತ್ತಾರ ಬರೆಯುವ ಹೆಣ್ಣುಮಗಳಿಗೂ ಏಕವ್ಯಕ್ತಿ ಪ್ರದರ್ಶನ ಆಗಬಹುದೇ? ಆಗಬೇಕು. ಸಾಗರದ ಸುತ್ತಿನ ದೀವರ ಸಮುದಾಯದ ಮನೆಗಳ ಚಿತ್ತಾರವನ್ನು 'ಜಾನಪದ ಕಲೆ, ಮಲೆನಾಡು' ಎಂದಷ್ಟೇ ಬರೆದು ಹೆಸರು ನುಂಗುವುದನ್ನು ಮೊದಲು ನಿಲ್ಲಿಸಿ. ಆದರೆ ತಯಾರಿ ಬೇರೆ. ಇಲ್ಲಿ ಚಿತ್ರ ತರುವುದಿಲ್ಲ, ಕಲಾವಿದೆಯೇ ಬಂದು ಗೋಡೆಯ ಮೇಲೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಮೈ ಬೇಕು. ಎಮಲ್ಷನ್ ಮೇಲೆ ಅದು ನಿಲ್ಲುವುದಿಲ್ಲ, ಹಾಗಾಗಿ ಒರಟು ಹಲಗೆ ಅಥವಾ ಮಣ್ಣು ಮೆತ್ತಿದ ಗೋಡೆ ಮೊದಲೇ ಸಿದ್ಧವಿರಲಿ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು, ಇವನ್ನು ಅವರೇ ತರುವರೋ ನೀವು ತರಿಸಬೇಕೋ ಎಂದು ಮೊದಲೇ ಕೇಳಿ. ಅಕ್ಕಿಹಿಟ್ಟಿಗೆ ಜಿರಳೆ, ಇರುವೆ ಬರುತ್ತವೆಂಬುದು ನೆನಪಿರಲಿ. ರಾತ್ರಿ ಹಾಲ್ ಗುಡಿಸಿಯೇ ಬಾಗಿಲು ಹಾಕಿ. ಮುಗಿದ ಮೇಲೆ ಗೋಡೆ ಅಳಿಸುವುದೋ ಉಳಿಸುವುದೋ ಎಂಬುದನ್ನು ಕರಾರಿನಲ್ಲಿ ಮೊದಲ ದಿನವೇ ಬರೆಯಿರಿ. ಅಳಿಸುವುದಾದರೆ ಅಡಿ ಅಡಿಗೂ ಫೋಟೊ ತೆಗೆದಿಟ್ಟು, ಸುಣ್ಣ ಬಳಿಯುವ ದಿನ ಯಾವುದೆಂದು ಅವರಿಗೆ ತಿಳಿಸಿ. ಬಂದು ನೋಡುತ್ತೇನೆಂದರೆ ಬಸ್ ಚಾರ್ಜು ಮ್ಯೂಸಿಯಂನದ್ದು.